ಸಿಎಲ್‌ಎಲ್: ವರದಿ ಓದುವುದು ಹೇಗೆ, ಬಗೆ ತಿಳಿಯುವುದು ಹೇಗೆ, ಚಿಕಿತ್ಸೆ ಯಾವಾಗ

ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 48,000 ಎಂದು ಬಂದು, ಕೆಳಗೆ ‘ಸಿಎಲ್‌ಎಲ್ ಇರಬಹುದು’ ಎಂಬ ಷರಾ ಇದ್ದರೆ ಮನೆಯವರು ಮೊದಲು ಕೇಳುವುದು ಚಿಕಿತ್ಸೆ ಯಾವತ್ತು ಶುರು ಎಂದು. ಈ ಕಾಯಿಲೆಯಲ್ಲಿ ಅದಕ್ಕೆ ಸರಿಯಾದ ಉತ್ತರ ಬಹಳ ಸಲ ‘ಸದ್ಯಕ್ಕೆ ಬೇಡ’. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಬಿ-ಲಿಂಫೋಸೈಟ್ ಎಂಬ ಬಿಳಿ ಕಣದ ಕ್ಯಾನ್ಸರ್. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ತೊಂದರೆಯೇ ಇಲ್ಲದವರಿಗೆ ಬರೀ ಸಂಖ್ಯೆ ನೋಡಿ ಬೇಗ ಔಷಧಿ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಇದುವರೆಗೆ ಯಾವ ಅಧ್ಯಯನವೂ ತೋರಿಸಿಲ್ಲ. ಅಡ್ಡಪರಿಣಾಮ ಮಾತ್ರ ಬೇಗ ಶುರುವಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚು ಭಾಗ ವರದಿ ಓದುವುದಕ್ಕೇ ಹೋಗುತ್ತದೆ. ಇಲ್ಲಿ ಕೊಟ್ಟ ಪ್ರಮಾಣಗಳು ವೈದ್ಯರು ಬರೆದ ಚೀಟಿಯನ್ನು ಅರ್ಥಮಾಡಿಕೊಳ್ಳಲಿಕ್ಕೆ. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಲಿಕ್ಕೆ ಅಲ್ಲ.

ಇದು ಸಿಎಲ್‌ಎಲ್ ಹೌದೇ?

ಮೊದಲ ಲೆಕ್ಕ ಮನೆಯಲ್ಲೇ ಮಾಡಬಹುದು. ಒಟ್ಟು ಬಿಳಿ ಕಣ 42,000, ಲಿಂಫೋಸೈಟ್ ಶೇ. 82 ಇದ್ದರೆ 42,000ವನ್ನು 0.82ರಿಂದ ಗುಣಿಸಿ. ಬಂದ 34,440 ನಿಮ್ಮ ಅಬ್ಸಲ್ಯೂಟ್ ಲಿಂಫೋಸೈಟ್ ಕೌಂಟ್. ಮುಂದೆ ಪ್ರತಿ ಸಲ ಹೋಲಿಸಬೇಕಾದ್ದು ಈ ಅಂಕಿಯನ್ನು. ಶೇ. 82 ಇದ್ದದ್ದು ಶೇ. 88 ಆಯಿತೆಂದು ಗಾಬರಿಯಾದರೆ ಉಪಯೋಗವಿಲ್ಲ.

ಖಚಿತಪಡಿಸುವ ಪರೀಕ್ಷೆ ಫ್ಲೋ ಸೈಟೋಮೆಟ್ರಿ, ಅಂದರೆ ಕಣಗಳ ಮೇಲಿನ ಗುರುತು-ಪ್ರೋಟೀನುಗಳನ್ನು ನೋಡುವ ಪರೀಕ್ಷೆ. ಕೈಯಿಂದ ತೆಗೆದ ಕೆಲವು ಮಿಲಿ ರಕ್ತ ಸಾಕು. ಸಿಎಲ್‌ಎಲ್ ಪತ್ತೆಗೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದು ಸಾಮಾನ್ಯವಾಗಿ ಬೇಕಿಲ್ಲ. ಯಾರಾದರೂ ಮೊದಲ ಭೇಟಿಯಲ್ಲೇ ಅದನ್ನು ಬರೆದರೆ ಯಾಕೆಂದು ಕೇಳುವುದು ತಪ್ಪಲ್ಲ. ವರದಿಯಲ್ಲಿ ಸಿಡಿ5, ಸಿಡಿ19, ಸಿಡಿ23 ಮೂರೂ ಪಾಸಿಟಿವ್ ಇರಬೇಕು, ಸಿಡಿ20 ಮಂದವಾಗಿರಬೇಕು, ಕಪ್ಪಾ ಅಥವಾ ಲ್ಯಾಂಬ್ಡಾ ಎರಡರಲ್ಲಿ ಒಂದೇ ಕಾಣಬೇಕು. ಒಂದೇ ಕಂಡರೆ ಆ ಕಣಗಳೆಲ್ಲ ಒಂದೇ ಮೂಲ ಕಣದ ಸಂತತಿ ಎಂದರ್ಥ. ಇಂಥ ಬಿ-ಕಣಗಳು ಮೈಕ್ರೋಲೀಟರಿಗೆ 5,000 ಅಥವಾ ಹೆಚ್ಚು, ಕನಿಷ್ಠ 3 ತಿಂಗಳು ಇದ್ದರೆ ಸಿಎಲ್‌ಎಲ್.

ಎಡವುವ ಜಾಗಗಳು ಮೂರು. ಸಿಡಿ5 ಇದೆ, ಸಿಡಿ23 ಇಲ್ಲ ಎಂದಾದರೆ ಅದು ಮ್ಯಾಂಟಲ್ ಸೆಲ್ ಲಿಂಫೋಮಾ ಇರಬಹುದು. ಸೈಕ್ಲಿನ್ ಡಿ1 ಅಥವಾ 11–14 ಟ್ರಾನ್ಸ್‌ಲೊಕೇಶನ್ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು, ಏಕೆಂದರೆ ಆ ಕಾಯಿಲೆಯ ದಾರಿಯೇ ಬೇರೆ. ಎರಡನೆಯದು ಸಿಎಂಎಲ್ ಎಂಬ ಇನ್ನೊಂದು ಬಗೆಯ ರಕ್ತ ಕ್ಯಾನ್ಸರ್ ಜೊತೆ ಗೊಂದಲ. ನಮ್ಮಲ್ಲಿ ಸಿಎಂಎಲ್ ಹೆಚ್ಚು, ಪಶ್ಚಿಮ ದೇಶಗಳಲ್ಲಿ ಸಿಎಲ್‌ಎಲ್ ಹೆಚ್ಚು. ಪಕ್ಕದ ಮನೆಯವರಿಗೆ ಇಮ್ಯಾಟಿನಿಬ್ ಮಾತ್ರೆಯಿಂದ ಗುಣ ಕಂಡಿತು ಎಂದು ಕೇಳಿದರೆ, ಅದು ಸಿಎಂಎಲ್‌ಗೆ. ಸಿಎಲ್‌ಎಲ್‌ಗೆ ಆ ಮಾತ್ರೆ ಕೆಲಸ ಮಾಡುವುದಿಲ್ಲ. ಮೂರನೆಯದು ಕುತ್ತಿಗೆಯ ಗಂಟು. ಗಂಟು ಕಂಡ ಕೂಡಲೇ ಟಿಬಿ ಎಂದುಕೊಂಡು ಸೂಜಿ ಚುಚ್ಚಿ ಎಫ್‌ಎನ್‌ಎಸಿ ಮಾಡಿ, ಅದರಲ್ಲಿ ಏನೂ ಸ್ಪಷ್ಟವಾಗದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುವುದುಂಟು. ಮೊದಲು 200–300 ರೂಪಾಯಿಯ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ನೋಡಿದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಬಗೆಗಳು: ಯಾವುದಕ್ಕೆ ಬೆಲೆ ಕೊಡಬೇಕು

ಇರುವ ಜಾಗದ ಮೇಲೆ ಮೂರು ಹೆಸರುಗಳಿವೆ. ರಕ್ತದಲ್ಲಿ ಅಸಹಜ ಬಿ-ಕಣ 5,000ಕ್ಕಿಂತ ಕಡಿಮೆ, ಗಂಟೂ ಇಲ್ಲ ಎಂದರೆ ಎಂಬಿಎಲ್. ಇದು ಕ್ಯಾನ್ಸರಿನ ಹಿಂದಿನ ಹಂತ. ಸಂಖ್ಯೆ ಹೆಚ್ಚಿರುವ ಎಂಬಿಎಲ್‌ನಲ್ಲೂ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರು ಮಾತ್ರ ಚಿಕಿತ್ಸೆ ಬೇಕಾಗುವ ಸಿಎಲ್‌ಎಲ್‌ಗೆ ದಾಟುತ್ತಾರೆ. ರಕ್ತದಲ್ಲಿ 5,000ಕ್ಕಿಂತ ಕಡಿಮೆ ಇದ್ದು ಗಂಟುಗಳಲ್ಲಿ ಅದೇ ಕಣ ತುಂಬಿದ್ದರೆ ಎಸ್‌ಎಲ್‌ಎಲ್. ಸಿಎಲ್‌ಎಲ್, ಎಸ್‌ಎಲ್‌ಎಲ್ ಒಂದೇ ಕಾಯಿಲೆ, ಚಿಕಿತ್ಸೆಯೂ ಒಂದೇ.

ಹಂತದ ಲೆಕ್ಕಕ್ಕೆ ರೈ ಪದ್ಧತಿ ಬಳಕೆಯಲ್ಲಿದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಕಾಂತಿ ರೈ ಮತ್ತು ಸಂಗಡಿಗರು 1975ರಲ್ಲಿ ಕೊಟ್ಟದ್ದು. ಲಿಂಫೋಸೈಟ್ ಮಾತ್ರ ಹೆಚ್ಚಿದ್ದರೆ 0, ಗಂಟು ಇದ್ದರೆ 1, ಗುಲ್ಮ ಅಥವಾ ಯಕೃತ್ತು ದೊಡ್ಡದಾಗಿದ್ದರೆ 2, ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ 3, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆಯಾದರೆ 4. ಸ್ಕ್ಯಾನ್ ಬೇಡ, ಕೈಯಿಂದ ಮುಟ್ಟಿ ನೋಡಿ ಹೇಳಬಹುದು.

ಆದರೆ ನಮ್ಮ ಊರುಗಳಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಹಿಮೋಗ್ಲೋಬಿನ್ 9 ಇರುವುದು ಕಬ್ಬಿಣ ಅಥವಾ ಬಿ12 ಕೊರತೆಯಿಂದಲೂ ಇರಬಹುದು. ಫೆರಿಟಿನ್, ಬಿ12 ನೋಡದೆ 3ನೇ ಹಂತ ಎನ್ನಬಾರದು. ಮಳೆಗಾಲದಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ 60,000ಕ್ಕೆ ಇಳಿದರೆ ಮೊದಲು ಡೆಂಗಿ ಪರೀಕ್ಷೆ, ಎರಡು ವಾರದ ನಂತರ ಮತ್ತೊಮ್ಮೆ ಸಿಬಿಸಿ, ಆಮೇಲೆ ಕಾಯಿಲೆ ಏರಿದೆಯೇ ಎಂಬ ಮಾತು. ಇನ್ನೊಂದು ಬಗೆಯ ರಕ್ತಹೀನತೆ ಸಿಎಲ್‌ಎಲ್‌ನಿಂದಲೇ ಬರುತ್ತದೆ, ಆದರೆ ಮಜ್ಜೆ ತುಂಬಿದ್ದರಿಂದಲ್ಲ: ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೆಂಪು ಕಣಗಳನ್ನು ಒಡೆಯುತ್ತದೆ. ಕಣ್ಣು ಹಳದಿ, ಎಲ್‌ಡಿಎಚ್ ಹಾಗೂ ರೆಟಿಕ್ಯುಲೊಸೈಟ್ ಹೆಚ್ಚು, ಕೂಂಬ್ಸ್ ಪರೀಕ್ಷೆ ಪಾಸಿಟಿವ್. ಇದಕ್ಕೆ ಮೊದಲ ಔಷಧಿ ಪ್ರೆಡ್ನಿಸೊಲೋನ್, ದೇಹತೂಕದ ಕಿಲೋಗೆ ಸುಮಾರು 1 ಮಿಗ್ರಾಂ. ಸಿಎಲ್‌ಎಲ್ ಔಷಧಿ ಆಮೇಲೆ, ಇದು ಬಗ್ಗದಿದ್ದರೆ.

ನಿಜವಾಗಿ ದಾರಿ ತೋರಿಸುವ ವಿಂಗಡಣೆ ಜೀನುಗಳದ್ದು. ಇದಕ್ಕೆ ಮೂರು ಪರೀಕ್ಷೆ.

ಫಿಶ್ (ವರ್ಣತಂತುಗಳ ತುಂಡು ಹೋಗಿದೆಯೇ, ಹೆಚ್ಚಿದೆಯೇ ಎಂದು ನೋಡುವ ಪರೀಕ್ಷೆ): 13ನೇ ವರ್ಣತಂತುವಿನ ತುಂಡು ಕಳಚಿಹೋಗಿರುವುದು, ಅಂದರೆ ಡೆಲ್ 13ಕ್ಯೂ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾಣುತ್ತದೆ. ಅದೊಂದೇ ಇದ್ದರೆ ಒಳ್ಳೆಯ ಸುದ್ದಿ. 12ನೇ ವರ್ಣತಂತು ಒಂದು ಹೆಚ್ಚಿದ್ದರೆ ನಡುವಿನ ಬಗೆ. ಡೆಲ್ 11ಕ್ಯೂ ಇದ್ದರೆ ಗಂಟುಗಳು ದೊಡ್ಡದಾಗಿ ಬೇಗ ಬೆಳೆಯುತ್ತವೆ. ಡೆಲ್ 17ಪಿ ಆರಂಭದಲ್ಲಿ ನೂರಕ್ಕೆ ಹತ್ತರೊಳಗಿನ ಮಂದಿಯಲ್ಲಿ ಮಾತ್ರ ಇರುತ್ತದೆ, ಆದರೆ ಎಲ್ಲಕ್ಕಿಂತ ಕಠಿಣ.

ಟಿಪಿ53 ಮ್ಯುಟೇಶನ್: ಟಿಪಿ53 ಜೀನು 17ಪಿ ತುಂಡಿನ ಮೇಲೇ ಇದೆ. ತುಂಡು ಉಳಿದಿದ್ದೂ ಜೀನು ಕೆಟ್ಟಿರಬಹುದು. ಫಿಶ್‌ಗೆ ಅದು ಕಾಣುವುದಿಲ್ಲ. ‘17ಪಿ ನಾರ್ಮಲ್’ ಎಂದು ಫಿಶ್ ವರದಿ ಬಂತೆಂದು ಸೀಕ್ವೆನ್ಸಿಂಗ್ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಹಳೆಯ ಕೀಮೋಥೆರಪಿ ಕ್ಯಾನ್ಸರ್ ಕಣವನ್ನು ಸಾಯಿಸುವುದು ಈ ಜೀನಿನ ಮೂಲಕವೇ. ಅದು ಕೆಟ್ಟಿದ್ದರೆ ಕೀಮೋ ಕೊಟ್ಟರೂ ಹೆಚ್ಚು ಫಲವಿಲ್ಲ.

ಐಜಿಎಚ್‌ವಿ (ಬಿ-ಕಣ ಪ್ರತಿಕಾಯ ತಯಾರಿಸಲು ಬಳಸುವ ಜೀನು): ವರದಿಯಲ್ಲಿ ‘ಜರ್ಮ್‌ಲೈನ್ ಐಡೆಂಟಿಟಿ’ ಎಂಬ ಶೇಕಡಾ ಅಂಕಿ ಇರುತ್ತದೆ. 98ಕ್ಕಿಂತ ಕಡಿಮೆ ಇದ್ದರೆ ಮ್ಯುಟೇಟೆಡ್, 98 ಅಥವಾ ಹೆಚ್ಚಿದ್ದರೆ ಅನ್‌ಮ್ಯುಟೇಟೆಡ್. ಇಲ್ಲಿ ಮ್ಯುಟೇಟೆಡ್ ಆಗಿರುವುದೇ ಒಳ್ಳೆಯದು. ಆ ಪದ ನೋಡಿ ಹೆದರುವವರು ಬಹಳ. ಅನ್‌ಮ್ಯುಟೇಟೆಡ್ ಬಗೆ ಬೇಗ ಚಿಕಿತ್ಸೆ ಕೇಳುತ್ತದೆ, ಕೀಮೋ ನಂತರ ಬೇಗ ಮರಳುತ್ತದೆ.

ಐಜಿಎಚ್‌ವಿ ಬದಲಾಗುವುದಿಲ್ಲ, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಫಿಶ್ ಮತ್ತು ಟಿಪಿ53 ಕಾಲ ಕಳೆದಂತೆ ಬದಲಾಗಬಹುದು, ಆದ್ದರಿಂದ ಪ್ರತಿ ಹೊಸ ಚಿಕಿತ್ಸೆಗೆ ಮುನ್ನ ಮತ್ತೆ ಮಾಡಿಸಬೇಕು. ಹಣ ಬಿಗಿ ಇದ್ದು, ಚಿಕಿತ್ಸೆಯೂ ಸದ್ಯಕ್ಕೆ ಬೇಡವೆಂದಾದರೆ ಇವನ್ನು ಪತ್ತೆಯಾದ ದಿನವೇ ಮಾಡಿಸದೆ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಇಟ್ಟುಕೊಳ್ಳಬಹುದು. ಆಗ ಮಾತ್ರ ಬಿಡುವಂತಿಲ್ಲ.

ಕಾಯುವುದು, ಶುರು ಮಾಡುವುದು

ಕಾಯುವ ಕಾಲದಲ್ಲಿ 3ರಿಂದ 6 ತಿಂಗಳಿಗೊಮ್ಮೆ ಸಿಬಿಸಿ, ಕುತ್ತಿಗೆ-ಕಂಕುಳು-ತೊಡೆಸಂದಿಯ ಗಂಟು ಮತ್ತು ಗುಲ್ಮದ ತಪಾಸಣೆ. ಪದೇ ಪದೇ ಸಿಟಿ ಸ್ಕ್ಯಾನ್ ಬೇಡ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಲಿಂಫೋಸೈಟ್ ಕೌಂಟ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ತೂಕ ಇವಿಷ್ಟು ಬರೆದಿಟ್ಟರೆ ಯಾವ ಊರಿನ ವೈದ್ಯರಿಗೂ ಐದು ನಿಮಿಷದಲ್ಲಿ ಕಥೆ ತಿಳಿಯುತ್ತದೆ.

ಶುರು ಮಾಡಲು ಅಂತರರಾಷ್ಟ್ರೀಯ ತಜ್ಞರ ಗುಂಪು 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳಿವೆ. ಇವುಗಳಲ್ಲಿ ಒಂದಿದ್ದರೂ ಸಾಕು: ಮಜ್ಜೆ ಸೋತು ಹಿಮೋಗ್ಲೋಬಿನ್ 10ಕ್ಕಿಂತ ಅಥವಾ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿಯುವುದು, ಗುಲ್ಮ ಎಡ ಪಕ್ಕೆಲುಬಿನ ಕೆಳಗೆ 6 ಸೆಂ.ಮೀ.ಗೂ ಹೆಚ್ಚು ಇಳಿದಿರುವುದು ಅಥವಾ ಅದರಿಂದ ತೊಂದರೆ, 10 ಸೆಂ.ಮೀ. ಗಾತ್ರದ ಗಂಟು, ಸ್ಟೆರಾಯ್ಡ್‌ಗೆ ಬಗ್ಗದ ರಕ್ತಕಣ ಒಡೆತ, ಆರು ತಿಂಗಳಲ್ಲಿ ಪ್ರಯತ್ನವಿಲ್ಲದೆ ತೂಕ ಶೇ. 10 ಇಳಿಯುವುದು, ಸೋಂಕಿಲ್ಲದೆ ಎರಡು ವಾರ ಮೀರಿದ ಜ್ವರ, ತಿಂಗಳು ಮೀರಿ ರಾತ್ರಿ ಬಟ್ಟೆ ತೊಯ್ಯುವ ಬೆವರು, ಕೆಲಸ ಮಾಡಲಾಗದಷ್ಟು ಆಯಾಸ. ಲಿಂಫೋಸೈಟ್ ಎರಡು ತಿಂಗಳಲ್ಲಿ ಶೇ. 50 ಏರುವುದು ಅಥವಾ ಆರು ತಿಂಗಳೊಳಗೆ ದುಪ್ಪಟ್ಟಾಗುವುದೂ ಒಂದು ಕಾರಣ, ಆದರೆ ಆರಂಭದ ಅಂಕಿ 30,000ಕ್ಕಿಂತ ಕಡಿಮೆ ಇದ್ದರೆ ದುಪ್ಪಟ್ಟಾಗುವುದೊಂದನ್ನೇ ನೆಚ್ಚಬಾರದು. ಎಂಟು ಸಾವಿರ ಹದಿನಾರು ಸಾವಿರವಾದದ್ದಕ್ಕೆ ಅರ್ಥ ಕಡಿಮೆ.

ಒಂದೂವರೆ ಲಕ್ಷ ಲಿಂಫೋಸೈಟ್ ಇದ್ದೂ ಹೊಲಕ್ಕೆ ಹೋಗಿ ಬರುವವರಿದ್ದಾರೆ. ಕೆಲವು ಬೇರೆ ಲ್ಯುಕೇಮಿಯಾಗಳಲ್ಲಿ ಆಗುವ ಹಾಗೆ ಇಲ್ಲಿ ಆ ಅಂಕಿಗೆ ರಕ್ತ ಗಟ್ಟಿಯಾಗಿ ಮಿದುಳಿಗೆ ಅಪಾಯವಾಗುವುದು ತೀರಾ ಅಪರೂಪ.

ಔಷಧಿ ಆರಿಸುವುದು

ಈಗ ಮೊದಲ ಚಿಕಿತ್ಸೆಗೆ ದೊಡ್ಡ ದಾರಿ ಎರಡು.

ಒಂದು, ಕ್ಯಾನ್ಸರ್ ಕಣ ಬೆಳೆಯಲು ನೆಚ್ಚಿರುವ ಬಿಟಿಕೆ ಎಂಬ ಕಿಣ್ವವನ್ನು ತಡೆಯುವ ಮಾತ್ರೆ. ಇಬ್ರುಟಿನಿಬ್ ದಿನಕ್ಕೊಮ್ಮೆ 420 ಮಿಗ್ರಾಂ, ಅಕಲಾಬ್ರುಟಿನಿಬ್ 100 ಮಿಗ್ರಾಂ 12 ಗಂಟೆಗೊಮ್ಮೆ, ಝಾನುಬ್ರುಟಿನಿಬ್ 160 ಮಿಗ್ರಾಂ ಎರಡು ಹೊತ್ತು ಅಥವಾ 320 ಒಂದೇ ಹೊತ್ತು. ಕೆಲಸ ಮಾಡುವವರೆಗೆ, ತಡೆದುಕೊಳ್ಳುವವರೆಗೆ ನುಂಗುತ್ತಲೇ ಇರಬೇಕು. ಹೃದಯದ ಬಡಿತ ತಪ್ಪುವುದು ಇಬ್ರುಟಿನಿಬ್‌ನಲ್ಲಿ ಹೆಚ್ಚು, ಉಳಿದೆರಡರಲ್ಲಿ ಕಡಿಮೆ. ಬಿಪಿ ಯಾವುದರಲ್ಲೂ ಏರಬಹುದು. ಹೃದ್ರೋಗವಿರುವವರಿಗೆ ಇಬ್ರುಟಿನಿಬ್ ಅಗ್ಗವೆಂಬ ಒಂದೇ ಕಾರಣಕ್ಕೆ ಆರಿಸುವುದು ಒಳ್ಳೆಯದಲ್ಲ.

ಎರಡು, ವೆನೆಟೊಕ್ಲಾಕ್ಸ್ ಮಾತ್ರೆ ಮತ್ತು ಒಬಿನುಟುಝುಮಾಬ್ ಇಂಜೆಕ್ಷನ್ ಜೋಡಿ. 28 ದಿನಗಳ 12 ಸುತ್ತು, ಆಮೇಲೆ ನಿಲ್ಲಿಸುತ್ತಾರೆ. ಇಂಜೆಕ್ಷನ್ ಮೊದಲ ಆರು ಸುತ್ತಿಗೆ ಮಾತ್ರ: ಮೊದಲ ದಿನ 100 ಮಿಗ್ರಾಂ, ಮರುದಿನ 900, 8 ಮತ್ತು 15ನೇ ದಿನ 1,000, ನಂತರ ಪ್ರತಿ ಸುತ್ತಿನ ಮೊದಲ ದಿನ 1,000. ವೆನೆಟೊಕ್ಲಾಕ್ಸ್ ಶುರುವಾಗುವುದು 22ನೇ ದಿನ. ಮೊದಲ ದಿನದ ಇಂಜೆಕ್ಷನ್‌ಗೆ ಚಳಿ, ಜ್ವರ, ಬಿಪಿ ಕುಸಿತ ಬರಬಹುದು. ಬಿಪಿ ಮಾತ್ರೆ ತಿನ್ನುವವರು ಇಂಜೆಕ್ಷನ್‌ಗೆ 12 ಗಂಟೆ ಮೊದಲಿನಿಂದ ಅದನ್ನು ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಬೇಕು.

ಡೆಲ್ 17ಪಿ ಅಥವಾ ಟಿಪಿ53 ಕೆಟ್ಟವರಿಗೆ ಸಾಮಾನ್ಯವಾಗಿ ನಿಲ್ಲಿಸದ ಬಿಟಿಕೆ ಮಾತ್ರೆಯ ಕಡೆಗೇ ಒಲವು. ಮೂತ್ರಪಿಂಡ ದುರ್ಬಲವಿದ್ದು, ಪದೇ ಪದೇ ರಕ್ತ ಪರೀಕ್ಷೆಗೆ ಬರಲಾಗದವರಿಗೂ ಅದೇ ಸುಲಭ. ರಕ್ತ ತೆಳು ಮಾಡುವ ಮಾತ್ರೆ ಬಿಡಲಾಗದವರಿಗೆ, ವರ್ಷಕ್ಕೆ ಮುಗಿಸಬೇಕೆನ್ನುವವರಿಗೆ ವೆನೆಟೊಕ್ಲಾಕ್ಸ್ ಜೋಡಿ. ಹಣದ ಲೆಕ್ಕವನ್ನೂ ಇಲ್ಲೇ ಹಾಕಬೇಕು. ಬಿಟಿಕೆ ಮಾತ್ರೆ ಶುರು ಮಾಡುವ ಮೊದಲು ಮುಂದಿನ ಎರಡು-ಮೂರು ವರ್ಷದ ಖರ್ಚು ಎಲ್ಲಿಂದ ಎಂದು ಯೋಚಿಸಿ, ಜೆನೆರಿಕ್ ಸಿಗುತ್ತದೆಯೇ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಔಷಧಿಗೆ ಪ್ಯಾಕೇಜ್ ಇದೆ ಎಂದು ಆಸ್ಪತ್ರೆಯ ಕೌಂಟರ್‌ನಲ್ಲಿ ವಿಚಾರಿಸಿ. ನಾಲ್ಕು ತಿಂಗಳು ನುಂಗಿ ಹಣವಿಲ್ಲದೆ ನಿಲ್ಲಿಸಿದರೆ ಗಂಟುಗಳು ಬೇಗ ಮರಳಿ ಉಬ್ಬಬಹುದು.

ಕೀಮೋ ಪೂರ್ತಿ ಮೂಲೆ ಸೇರಿಲ್ಲ. ಐಜಿಎಚ್‌ವಿ ಮ್ಯುಟೇಟೆಡ್, ಟಿಪಿ53 ಸರಿಯಿರುವ, ಗಟ್ಟಿಮುಟ್ಟಾದ ಕಿರಿಯರಿಗೆ ಎಫ್‌ಸಿಆರ್ (ಫ್ಲುಡರಾಬಿನ್, ಸೈಕ್ಲೊಫಾಸ್ಫಮೈಡ್, ರಿಟುಕ್ಸಿಮಾಬ್) ಆರು ಸುತ್ತು ಕೊಟ್ಟು ಹತ್ತು ವರ್ಷ ಮೀರಿ ಕಾಯಿಲೆ ಮರಳದವರಿದ್ದಾರೆ. ಹಣ ಇಲ್ಲದಲ್ಲಿ ಬೆಂಡಾಮಸ್ಟಿನ್ ಮತ್ತು ರಿಟುಕ್ಸಿಮಾಬ್ ಇಂದಿಗೂ ಬಳಕೆಯಲ್ಲಿದೆ. ಎಫ್‌ಸಿಆರ್‌ನಲ್ಲಿರುವ ಫ್ಲುಡರಾಬಿನ್ ಪಡೆದವರು ಜೀವನಪೂರ್ತಿ ವಿಕಿರಣ ಹಾಯಿಸಿದ ರಕ್ತವನ್ನೇ ಪಡೆಯಬೇಕು. ಈ ಮಾತನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ. ಅಪಘಾತವಾಗಿ ಬೇರೆ ಊರಲ್ಲಿ ರಕ್ತ ಹಾಕುವಾಗ ಯಾರಿಗೂ ಗೊತ್ತಿರುವುದಿಲ್ಲ.

ರಿಟುಕ್ಸಿಮಾಬ್, ಒಬಿನುಟುಝುಮಾಬ್ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಎಚ್‌ಬಿಎಸ್‌ಎಜಿ ಒಂದೇ ಸಾಲದು, ಆ್ಯಂಟಿ-ಎಚ್‌ಬಿಸಿ ಕೂಡ ಬೇಕು. ಹಿಂದೆಂದೋ ಬಂದು ಹೋದ ವೈರಸ್ ಯಕೃತ್ತಿನಲ್ಲಿ ಅಡಗಿದ್ದು ಈ ಇಂಜೆಕ್ಷನ್ ನಂತರ ಎದ್ದು ಜೀವಕ್ಕೇ ಕುತ್ತು ತರಬಹುದು. ಪಾಸಿಟಿವ್ ಬಂದರೆ ಎಂಟೆಕಾವಿರ್‌ನಂಥ ಮಾತ್ರೆಯನ್ನು ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ ಒಂದು ವರ್ಷ ಮುಂದುವರಿಸುತ್ತಾರೆ.

ವೆನೆಟೊಕ್ಲಾಕ್ಸ್ ಏರಿಸುವ ಐದು ವಾರ

ಈ ಔಷಧಿ ಕಣಗಳನ್ನು ಎಷ್ಟು ಬೇಗ ಸಾಯಿಸುತ್ತದೆಂದರೆ, ಸತ್ತ ಕಣಗಳಿಂದ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ಒಮ್ಮೆಲೇ ರಕ್ತಕ್ಕೆ ಸುರಿದು ಮೂತ್ರಪಿಂಡ, ಹೃದಯ ನಿಲ್ಲಬಹುದು. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು:

1ನೇ ವಾರ: ದಿನಕ್ಕೆ 20 ಮಿಗ್ರಾಂ, 10ರ ಎರಡು ಮಾತ್ರೆ
2ನೇ ವಾರ: 50 ಮಿಗ್ರಾಂ, 50ರ ಒಂದು
3ನೇ ವಾರ: 100 ಮಿಗ್ರಾಂ, 100ರ ಒಂದು
4ನೇ ವಾರ: 200 ಮಿಗ್ರಾಂ, 100ರ ಎರಡು
5ನೇ ವಾರದಿಂದ: 400 ಮಿಗ್ರಾಂ, 100ರ ನಾಲ್ಕು

ಶುರುವಿಗೆ ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ಗಂಟಿನ ಅಳತೆ ನೋಡಬೇಕು. ಎಲ್ಲ ಗಂಟು 5 ಸೆಂ.ಮೀ.ಗಿಂತ ಚಿಕ್ಕದು, ಲಿಂಫೋಸೈಟ್ 25,000ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. 10 ಸೆಂ.ಮೀ. ಗಂಟು, ಅಥವಾ 5 ಸೆಂ.ಮೀ. ಗಂಟಿನ ಜೊತೆಗೆ 25,000 ಲಿಂಫೋಸೈಟ್ ಇದ್ದರೆ ಅಪಾಯ ಹೆಚ್ಚು. ಅಂಥವರು 20 ಮತ್ತು 50ರ ಮೊದಲ ದಿನ ಆಸ್ಪತ್ರೆಯಲ್ಲಿ ದಾಖಲಾಗಬೇಕು. ನಡುವಿನವರೂ ಕಡಿಮೆ ಅಪಾಯದವರೂ 20 ಮತ್ತು 50ರ ಮೊದಲ ದಿನ ಮಾತ್ರೆಗೆ ಮುನ್ನ, 6–8 ಗಂಟೆಗೆ, 24 ಗಂಟೆಗೆ ರಕ್ತ ಕೊಡಬೇಕು. ಪೊಟ್ಯಾಸಿಯಂ, ಫಾಸ್ಫರಸ್, ಕ್ಯಾಲ್ಸಿಯಂ, ಯೂರಿಕ್ ಆಮ್ಲ, ಕ್ರಿಯಾಟಿನಿನ್ ಐದೂ ನೋಡಿಸಿ.

ಎರಡು-ಮೂರು ದಿನ ಮೊದಲೇ ಅಲೊಪ್ಯುರಿನಾಲ್ ಶುರು. ಎರಡು ದಿನ ಮೊದಲಿನಿಂದ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು. ಎಳನೀರು ಒಳ್ಳೆಯದೆಂದು ಕುಡಿಸುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ತುಂಬ, ಈ ಐದು ವಾರ ಬೇಡ. ಡೋಸ್ ಏರಿಸುವ ದಿನವನ್ನು ಸೋಮವಾರ, ಮಂಗಳವಾರದ ಬೆಳಿಗ್ಗೆಗೆ ಇಡಿ. ಶನಿವಾರ ಏರಿಸಿ ಭಾನುವಾರ ಲ್ಯಾಬ್ ಮುಚ್ಚಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ವರದಿ ಅದೇ ದಿನ ಕೊಡುವ ಲ್ಯಾಬ್ ಊರಲ್ಲಿ ಇಲ್ಲದಿದ್ದರೆ ಮೊದಲ ಎರಡು ಮೆಟ್ಟಿಲಿಗೆ ಆಸ್ಪತ್ರೆಯ ಹತ್ತಿರವೇ ಉಳಿದುಕೊಳ್ಳುವುದು ಲೇಸು.

ಇನ್ನೊಂದು ಸೂಕ್ಷ್ಮ. ಸಿಎಲ್‌ಎಲ್ ಕಣಗಳು ಪೆಡಸು. ಲಿಂಫೋಸೈಟ್ ಲಕ್ಷ ದಾಟಿದಾಗ ಕೈಗೆ ಪಟ್ಟಿ ಬಿಗಿದು, ಟ್ಯೂಬ್ ಕುಲುಕಿ ಸಾಗಿಸುವಷ್ಟರಲ್ಲಿ ಒಡೆದು, ನಿಜವಾಗಿ ಹೆಚ್ಚಿಲ್ಲದ ಪೊಟ್ಯಾಸಿಯಂ 7 ಎಂದು ಬರಬಹುದು. ರೋಗಿ ಆರಾಮಾಗಿದ್ದು, ಯೂರಿಕ್ ಆಮ್ಲ, ಫಾಸ್ಫರಸ್ ಸರಿಯಿದ್ದು, ಪೊಟ್ಯಾಸಿಯಂ ಮಾತ್ರ ಹೆಚ್ಚಿದ್ದರೆ ಕೂಡಲೇ ಇಸಿಜಿ ತೆಗೆಸಿ, ಹೊಸ ರಕ್ತ ತೆಗೆದು ಕೈಯಲ್ಲೇ ಒಯ್ದು ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡಲು ಹೇಳಿ.

ಮಾತ್ರೆ ಊಟದ ಜೊತೆ, ದಿನವೂ ಒಂದೇ ಹೊತ್ತಿಗೆ. ಮರೆತು 8 ಗಂಟೆಯೊಳಗೆ ನೆನಪಾದರೆ ನುಂಗಿ, ಮೀರಿದರೆ ಬಿಡಿ. ವಾಂತಿಯಾದರೆ ಮತ್ತೊಂದು ನುಂಗಬೇಡಿ. ಏರಿಸುವ ಹಂತದಲ್ಲಿ ಒಂದು ವಾರ ತಪ್ಪಿದರೆ ಕೆಳಗಿನ ಮೆಟ್ಟಿಲಿಂದ ಶುರು ಮಾಡಬೇಕಾಗಬಹುದು.

ಎರಡೂ ಬಗೆಯ ಮಾತ್ರೆಗೆ ಬೇಲಿ

ಚಕ್ಕೋತ, ಗ್ರೇಪ್‌ಫ್ರೂಟ್, ದಾರೆಹುಳಿ ತಿನ್ನಬಾರದು. ಇವು ಮಾತ್ರೆಯನ್ನು ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಔಷಧಿ ಮಟ್ಟವನ್ನು ಏರಿಸುತ್ತವೆ. ಹೇರಳೆ, ಕಂಚಿಯಂಥ ಕಹಿ ಹುಳಿಕಾಯಿಗಳನ್ನೂ ದೂರ ಇಡುವುದು ಸುರಕ್ಷಿತ, ನಿಂಬೆಹಣ್ಣಿಗೆ ಅಡ್ಡಿಯಿಲ್ಲ. ಕ್ಲಾರಿಥ್ರೊಮೈಸಿನ್, ಫ್ಲುಕೊನಝೋಲ್, ಇಟ್ರಾಕೊನಝೋಲ್ ಇದೇ ಕೆಲಸ ಮಾಡುತ್ತವೆ. ಹುಳುಕಡ್ಡಿಗೆಂದು ಅಂಗಡಿಯವರು ಕೊಡುವ ಇಟ್ರಾಕೊನಝೋಲ್ ಕ್ಯಾಪ್ಸೂಲ್ ವೆನೆಟೊಕ್ಲಾಕ್ಸ್ ಏರಿಸುವ ವಾರಗಳಲ್ಲಿ ನೇರ ಅಪಾಯ. ಉಲ್ಟಾ ದಿಕ್ಕಿನಲ್ಲಿ ಕೆಡಿಸುವುದು ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಝೆಪಿನ್: ಸಿಎಲ್‌ಎಲ್ ಮಾತ್ರೆ ನುಂಗಿದರೂ ನುಂಗದಂತಾಗುತ್ತದೆ. ಅಕಲಾಬ್ರುಟಿನಿಬ್ ಕ್ಯಾಪ್ಸೂಲ್ ಆದರೆ ಗ್ಯಾಸ್ಟ್ರಿಕ್‌ಗೆಂದು ನುಂಗುವ ಪ್ಯಾಂಟೊಪ್ರಝೋಲ್ ಕೂಡದು. ಅದರ ಮಾತ್ರೆ ರೂಪಕ್ಕೆ ಆ ತೊಂದರೆಯಿಲ್ಲ.

ಬಿಟಿಕೆ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಲಿಂಫೋಸೈಟ್ ಏರುತ್ತದೆ. ಗಂಟಿನೊಳಗಿದ್ದ ಕಣಗಳು ರಕ್ತಕ್ಕೆ ಬಂದದ್ದರಿಂದ ಹೀಗೆ. ಗಂಟು ಕರಗುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ. ಇದನ್ನು ತಿಳಿಯದೆ ಔಷಧಿ ಬದಲಿಸಿದವರು ಒಳ್ಳೆಯ ದಾರಿಯೊಂದನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಹಲ್ಲು ಕೀಳಿಸುವಂಥ ಸಣ್ಣ ಕೆಲಸಕ್ಕೆ 3 ದಿನ, ದೊಡ್ಡ ಶಸ್ತ್ರಚಿಕಿತ್ಸೆಗೆ 7 ದಿನ ಮುಂಚೆಯೂ ನಂತರವೂ ನಿಲ್ಲಿಸುವುದು ರೂಢಿ, ರಕ್ತಸ್ರಾವದ ಭಯಕ್ಕೆ. ಅಕಲಾಬ್ರುಟಿನಿಬ್‌ನ ಮೊದಲ ವಾರಗಳ ತಲೆನೋವಿಗೆ ಪ್ಯಾರಾಸಿಟಮಾಲ್ ಜೊತೆ ಒಂದು ಲೋಟ ಕಾಫಿ ಸಾಮಾನ್ಯವಾಗಿ ಸಾಕು.

ಸೋಂಕು

ಸಿಎಲ್‌ಎಲ್ ರೋಗಿಗಳಿಗೆ ಹೆಚ್ಚು ತೊಂದರೆ ಕೊಡುವುದು ಸೋಂಕು, ಚಿಕಿತ್ಸೆ ಇಲ್ಲದಾಗಲೂ. 100.4 ಡಿಗ್ರಿ ಜ್ವರ ಬಂದರೆ ಆ ದಿನವೇ ಆಸ್ಪತ್ರೆ. ನ್ಯುಮೊಕಾಕಲ್, ವರ್ಷಕ್ಕೊಮ್ಮೆ ಫ್ಲೂ, ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ರಿಕಾಂಬಿನೆಂಟ್ ಲಸಿಕೆ, ಇವನ್ನು ಪತ್ತೆಯಾದ ಕೂಡಲೇ ಹಾಕಿಸಿ. ರಿಟುಕ್ಸಿಮಾಬ್ ನಂತರ ಆರು ತಿಂಗಳು ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಜೀವಂತ ಲಸಿಕೆ ಬೇಡ. ಆಫ್ರಿಕಾಕ್ಕೆ ಕೆಲಸಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯ ಬದಲು ವೈದ್ಯರಿಂದ ವಿನಾಯಿತಿ ಪತ್ರ ಪಡೆಯಬೇಕು. ಸೋಂಕು ತಡೆಯುವ ಪ್ರತಿಕಾಯವಾದ ಐಜಿಜಿ ಮಟ್ಟ 400ಕ್ಕಿಂತ ಕಡಿಮೆ ಇದ್ದು ನ್ಯುಮೋನಿಯಾ ಮರುಕಳಿಸುತ್ತಿದ್ದರೆ ಇಮ್ಯುನೊಗ್ಲಾಬ್ಯುಲಿನ್, ಕಿಲೋಗೆ 0.4 ಗ್ರಾಂ, 3–4 ವಾರಕ್ಕೊಮ್ಮೆ. ಸೊಳ್ಳೆ ಕಚ್ಚಿದ ಜಾಗ ಕೆಲವರಿಗೆ ದೊಡ್ಡ ಗುಳ್ಳೆಯಾಗಿ ಏಳುತ್ತದೆ. ಅದು ಈ ಕಾಯಿಲೆಯದೇ ಒಂದು ಗುಣ, ಪರದೆ ಕಟ್ಟಿ ಮಲಗಿ.

ಮರಳಿದರೆ, ರೂಪ ಬದಲಿಸಿದರೆ

ವೆನೆಟೊಕ್ಲಾಕ್ಸ್ ಮುಗಿಸಿ ಹಲವು ವರ್ಷದ ಮೇಲೆ ಮರಳಿದರೆ ಅದನ್ನೇ ಮತ್ತೆ ಕೊಡಬಹುದು. ಬಿಟಿಕೆ ಮಾತ್ರೆ ನುಂಗುತ್ತಿರುವಾಗಲೇ ಕಾಯಿಲೆ ಏರಿದರೆ ವೆನೆಟೊಕ್ಲಾಕ್ಸ್. ಅಡ್ಡಪರಿಣಾಮಕ್ಕಾಗಿ ಇಬ್ರುಟಿನಿಬ್ ಬಿಟ್ಟವರು ಝಾನುಬ್ರುಟಿನಿಬ್‌ಗೆ ಹೋಗಬಹುದು, ಆದರೆ ಕೆಲಸ ಮಾಡದೆ ಬಿಟ್ಟವರಿಗೆ ಆ ಬದಲಾವಣೆಯಿಂದ ಸಾಮಾನ್ಯವಾಗಿ ಫಲವಿಲ್ಲ; ಮೂರೂ ಹಿಡಿಯುವುದು ಒಂದೇ ಕೊಂಡಿಯನ್ನು, ಕಾಯಿಲೆ ಆ ಕೊಂಡಿಯನ್ನೇ ಬದಲಿಸಿರುತ್ತದೆ. ಪಿರ್ಟೊಬ್ರುಟಿನಿಬ್ ದಿನಕ್ಕೆ 200 ಮಿಗ್ರಾಂ ಬೇರೆ ರೀತಿ ಅಂಟಿಕೊಳ್ಳುವುದರಿಂದ ಅಲ್ಲೂ ಕೆಲಸ ಮಾಡಬಲ್ಲದು. ರೋಗಿಯದೇ ರಕ್ಷಣಾ ಕಣಗಳನ್ನು ಹೊರತೆಗೆದು ಮಾರ್ಪಡಿಸಿ ಮತ್ತೆ ಕೊಡುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ.

ಒಂದೇ ಗಂಟು ವಾರಗಳಲ್ಲಿ ಎದ್ದು, ಎಲ್‌ಡಿಎಚ್ ಜಿಗಿದು, ಜ್ವರ, ತೂಕ ಇಳಿತ ಶುರುವಾದರೆ ರಿಕ್ಟರ್ ರೂಪಾಂತರ, ಅಂದರೆ ಸಿಎಲ್‌ಎಲ್ ವೇಗದ ಲಿಂಫೋಮಾ ಆಗಿರುವ ಅನುಮಾನ. ಆಗ ಪೆಟ್ ಸ್ಕ್ಯಾನ್ ಮಾಡಿಸಿ, ಅತಿ ಹೆಚ್ಚು ಹೊಳೆಯುವ ಗಂಟನ್ನೇ ಬಯಾಪ್ಸಿಗೆ ತೆಗೆಸಬೇಕು. ಕೈಗೆ ಸುಲಭವಾಗಿ ಸಿಗುವ ಕುತ್ತಿಗೆಯ ಗಂಟು ತೆಗೆದರೆ ಅದರಲ್ಲಿ ಹಳೆಯ ಸಿಎಲ್‌ಎಲ್ ಮಾತ್ರ ಕಂಡು, ಹೊಟ್ಟೆಯೊಳಗಿನ ಗಂಟು ಬೆಳೆಯುತ್ತಲೇ ಇರುತ್ತದೆ. ಇಲ್ಲೂ ಎಫ್‌ಎನ್‌ಎಸಿ ಸಾಲದು; ಪೂರ್ತಿ ಗಂಟು, ಆಗದಿದ್ದರೆ ದಪ್ಪ ಸೂಜಿಯ ಬಯಾಪ್ಸಿ.